ಬೆಳಿಗ್ಗೆ ಸೆಲ್ಫ್ ಹೊಡೆಯದ ಕಾರು: ರಾತ್ರಿ ಕರೆಂಟ್ ಹೋಗುತ್ತಿರುವುದೆಲ್ಲಿಗೆ?

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ. 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 35 ಎಎಚ್ ಬ್ಯಾಟರಿ. ಬ್ಯಾಟರಿ ಹೊಸದು, ಈ ವರ್ಷವೇ ಹಾಕಿಸಿದ್ದು. ಮೇ ತಿಂಗಳಲ್ಲಿ ಆಂಡ್ರಾಯ್ಡ್ ಸ್ಟೀರಿಯೊ ಮತ್ತು ಡ್ಯಾಶ್‌ಕ್ಯಾಮ್ ಕೂರಿಸಿದೆವು. ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ, ಬರೀ ಟಿಕ್ ಟಿಕ್ ಸದ್ದು. ಜಂಪ್ ಮಾಡಿಸಿದೆವು. ಆಮೇಲೆ ಎರಡು ದಿನಕ್ಕೊಮ್ಮೆ ಇದೇ ಪಾಡು. ಬ್ಯಾಟರಿ ಅಂಗಡಿಯ ಮೆಷಿನ್ 'ಗುಡ್, ರೀಚಾರ್ಜ್' ಎಂದು ತೋರಿಸಿತು. ಗ್ಯಾರೇಜಿನವರು ಎಂಜಿನ್ ಓಡುವಾಗ ಅಳೆದರೆ 14.1 ವೋಲ್ಟ್ ಬಂತು, ಆದರೂ ಡೈನಮೋ ಬದಲಿಸಿ ಎನ್ನುತ್ತಿದ್ದಾರೆ. ವಾರದ ದಿನಗಳಲ್ಲಿ ಸ್ಟೇಷನ್‌ಗೆ, ಮಕ್ಕಳ ಶಾಲೆಗೆ ಬಿಟ್ಟರೆ ಗಾಡಿ ಹೊರಗೆ ಹೋಗುವುದಿಲ್ಲ. ಚೌತಿಗೆ ಇದರಲ್ಲೇ ಕುಂದಾಪುರಕ್ಕೆ ಹೋಗಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಡೈನಮೋಗೆ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರಿಗೆ) ಸದ್ಯ ಕೈ ಹಾಕಿಸಬೇಡಿ. ಎಂಜಿನ್ ಓಡುವಾಗ 14.1 ವೋಲ್ಟ್ ಬರುತ್ತಿದೆ ಎಂದರೆ ಅದು ಚಾರ್ಜ್ ಮಾಡುತ್ತಿದೆ. ಅಂಗಡಿಯ ಮೆಷಿನ್ ಹೇಳಿದ್ದನ್ನೂ ಪೂರ್ತಿ ಓದಿಕೊಳ್ಳಿ: 'ಗುಡ್' ಎಂದರೆ ಬ್ಯಾಟರಿಯ ಒಳಗಿನ ಪ್ಲೇಟುಗಳು ಚೆನ್ನಾಗಿವೆ, 'ರೀಚಾರ್ಜ್' ಎಂದರೆ ಅದರಲ್ಲಿ ಚಾರ್ಜ್ ಇಲ್ಲ. ಚೆನ್ನಾಗಿರುವ ಬ್ಯಾಟರಿ, ಚಾರ್ಜ್ ಮಾಡುವ ಡೈನಮೋ, ಆದರೂ ಬೆಳಿಗ್ಗೆ ಖಾಲಿ. ಇನ್ನು ಮುಂದಿನದು ಅಳತೆಯಿಂದ ಹೇಳಬೇಕಾದ್ದು, ಊಹೆಯಿಂದಲ್ಲ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಎರಡು ರಾತ್ರಿಯಲ್ಲಿ ನೀವೇ ಪತ್ತೆ ಹಚ್ಚಬಹುದು.

ಮೀಟರ್ ಹಿಡಿಯುವ ಮೊದಲು ಒಂದು ಲೆಕ್ಕ ಮಾಡೋಣ. ಎಎಚ್ ಎಂದರೆ ಆಂಪಿಯರ್-ಅವರ್, ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು ಕರೆಂಟ್. ಪೂರ್ತಿ ತುಂಬಿದ 35 ಎಎಚ್ ಬ್ಯಾಟರಿ ನಮ್ಮ ಮುಂಬೈ ಹವೆಯಲ್ಲಿ ಸಣ್ಣ ಪೆಟ್ರೋಲ್ ಎಂಜಿನ್ನನ್ನೂ ತಿರುಗಿಸಲಾರದ ಸ್ಥಿತಿಗೆ ಬರಬೇಕಾದರೆ ಅಂದಾಜು 20 ಎಎಚ್ ಖರ್ಚಾಗಬೇಕು. ರಾತ್ರಿ ಒಂಬತ್ತಕ್ಕೆ ನಿಲ್ಲಿಸಿ ಬೆಳಿಗ್ಗೆ ಏಳಕ್ಕೆ ತೆಗೆದರೆ ಹತ್ತು ಗಂಟೆ. ಅಂದರೆ ರಾತ್ರಿಯಿಡೀ 2 ಆಂಪಿಯರ್, ಸುಮಾರು 24 ವಾಟ್, ಎಡೆಬಿಡದೆ ಹೋಗುತ್ತಿರಬೇಕು. ಅಷ್ಟು ಎಳೆಯುವ ವಸ್ತು ಕದ್ದು ಕೂರಲಾರದು. ಎಲ್ಲೋ ದೀಪ ಉರಿಯುತ್ತಿರುತ್ತದೆ, ಏನೋ ಬಿಸಿಯಾಗಿರುತ್ತದೆ, ಇಲ್ಲವೇ ಕಿವಿಗೊಟ್ಟರೆ ಗುಂಯ್‌ಗುಡುವುದು ಕೇಳುತ್ತದೆ.

ಆದರೆ ಬ್ಯಾಟರಿ ಪೂರ್ತಿ ತುಂಬಿರಲೇ ಇಲ್ಲ ಎಂದುಕೊಳ್ಳಿ. ಒಂದು ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್‌ನಲ್ಲಿ (ನಿಂತ ಗಾಡಿಯಲ್ಲೂ ಕಾವಲಿರುವ ಸ್ಥಿತಿ) 0.3ರಿಂದ 0.4 ಆಂಪಿಯರ್ ಎಳೆಯುತ್ತದೆ. ರಾತ್ರಿಗೆ 3–4 ಎಎಚ್ ಹೋಯಿತು, ಹಗಲು ಗಾಡಿ ನಿಂತಿರುವಾಗ ಮತ್ತಷ್ಟು. ಬೆಳಿಗ್ಗೆ ಸ್ಟೇಷನ್‌ವರೆಗೆ ಹತ್ತು ನಿಮಿಷ ಓಡಿಸಿದಾಗ ಎಸಿ, ವೈಪರ್, ಹೆಡ್‌ಲೈಟ್ ಎಲ್ಲ ಕಳೆದು ಬ್ಯಾಟರಿಗೆ ವಾಪಸ್ ಬಂದದ್ದು 2 ಎಎಚ್ ಇರಬಹುದು. ಸ್ಟೇಷನ್ ರಸ್ತೆಯ ಜಾಮ್‌ನಲ್ಲಿ ಎಂಜಿನ್ ಐಡಲ್‌ನಲ್ಲೇ ಇದ್ದರೆ ಅಷ್ಟೂ ಬರುವುದಿಲ್ಲ. ದಿನಕ್ಕೆ ಎರಡೇ ಎಎಚ್ ಸಾಲ ಏರುತ್ತಾ ಹೋದರೂ ಹತ್ತು–ಹನ್ನೆರಡು ದಿನಕ್ಕೆ ಗಾಡಿ ಮಲಗುತ್ತದೆ. ವಾರಾಂತ್ಯದಲ್ಲಿ ಒಮ್ಮೆ ಠಾಣೆ ನಗರದವರೆಗೆ ಹೋಗಿಬಂದರೆ ಇನ್ನಷ್ಟು ದಿನ ತಳ್ಳುತ್ತದೆ. ನಿಮಗೆ ಅದು 'ಒಂದೇ ರಾತ್ರಿಯಲ್ಲಿ ಖಾಲಿಯಾಯಿತು' ಎಂದು ಕಾಣುತ್ತದೆ, ನಿಜದಲ್ಲಿ ವಾರಗಟ್ಟಲೆ ಇಳಿದದ್ದು. ಜಂಪ್ ಮಾಡಿಸಿದ ಮೇಲೂ ಬ್ಯಾಟರಿ ಕಾಲುಭಾಗವೂ ತುಂಬದೆ ಉಳಿಯುವುದರಿಂದ ಎರಡು ದಿನಕ್ಕೊಮ್ಮೆ ಮತ್ತೆ ಕೈಕೊಡುತ್ತದೆ. ಮೇ ತಿಂಗಳಲ್ಲಿ ಸ್ಟೀರಿಯೊ, ಕ್ಯಾಮೆರಾ ಹಾಕಿಸಿದ್ದು, ಜೂನ್ ಕೊನೆಯಲ್ಲಿ ಮೊದಲ ಸಲ ನಿಂತದ್ದು ಈ ಎರಡನೆಯ ಚಿತ್ರಕ್ಕೇ ಹೆಚ್ಚು ಹೊಂದುತ್ತದೆ. ಹಾಗಂತ ತೀರ್ಮಾನಿಸಿಬಿಡುವುದು ಬೇಡ, ಮೊದಲನೆಯದನ್ನೂ ತಳ್ಳಿಹಾಕಿಯೇ ಮುಂದೆ ಹೋಗೋಣ.

ಈ ಎರಡರಲ್ಲಿ ಯಾವುದು ಎಂದು ಹೇಳುವುದು ರಾತ್ರಿ ನಿಲ್ಲಿಸುವಾಗಿನ ವೋಲ್ಟೇಜ್. ಹಾಗಾಗಿ ಮೊದಲ ಕೆಲಸ, ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಿಂದ ಪೂರ್ತಿ ತುಂಬಿಸುವುದು. 35 ಎಎಚ್‌ಗೆ 3.5 ಆಂಪಿಯರ್ ಸುತ್ತಮುತ್ತ ಕೊಡುವ ಚಾರ್ಜರ್ ಸರಿ. ಹತ್ತು–ಹನ್ನೆರಡು ಗಂಟೆ ಬೇಕು. ಅಂಗಡಿಯಲ್ಲಿ ಎರಡು ಗಂಟೆ ಕೂರಿಸಿ 'ಫುಲ್ ಆಯ್ತು' ಎಂದು ಕೊಟ್ಟರೆ ಒಪ್ಪಬೇಡಿ, ರಾತ್ರಿ ಪೂರ್ತಿ ಇಡಲು ಹೇಳಿ. ಅರ್ಧ ಚಾರ್ಜ್‌ನ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆ ಮಾಡಿದರೂ ಉತ್ತರ ದಾರಿ ತಪ್ಪಿಸುತ್ತದೆ.

ತುಂಬಿದ ಮೇಲೆ ಬ್ಯಾಟರಿಯನ್ನು ಗಾಡಿಯಲ್ಲಿಟ್ಟು ನೆಗೆಟಿವ್ ಕ್ಲ್ಯಾಂಪ್ ಮಾತ್ರ ಬಿಚ್ಚಿಡಿ. ಬಹುತೇಕ ಗಾಡಿಗಳಿಗೆ 10 ಎಂಎಂ ಸ್ಪ್ಯಾನರ್ ಸಾಕು. ಯಾವಾಗಲೂ ನೆಗೆಟಿವ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್. ಗಡಿಯಾರ, ರೇಡಿಯೊ ಸ್ಟೇಷನ್, ಒನ್-ಟಚ್ ಕಿಟಕಿಯ ಸೆಟ್ಟಿಂಗ್ ಅಳಿಸಿಹೋಗಬಹುದು. ಕಂಪನಿಯ ಸ್ಟೀರಿಯೊ ಇರುವ ಗಾಡಿಯಾದರೆ ಅದರ ಕೋಡ್ ಕೈಯಲ್ಲಿರಲಿ. ಒಂದೆರಡು ಗಂಟೆ ಬಿಟ್ಟು ಬ್ಯಾಟರಿಯ ಎರಡು ಕಂಬಗಳ ಮೇಲೆ ವೋಲ್ಟ್ ಅಳೆದು ಬರೆದಿಡಿ, ಬೆಳಿಗ್ಗೆ ಮತ್ತೆ ಅಳೆಯಿರಿ. 12.6ರಿಂದ 12.7 ಎಂದರೆ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು, 11.8ಕ್ಕೆ ಖಾಲಿ ಎಂದೇ ಲೆಕ್ಕ. ತಂತಿ ಬಿಚ್ಚಿಟ್ಟರೂ ಬೆಳಿಗ್ಗೆ 12.3ರ ಕೆಳಗೆ ಇಳಿದಿದ್ದರೆ ಬ್ಯಾಟರಿಯೇ ಒಳಗೊಳಗೆ ಖಾಲಿಯಾಗುತ್ತಿದೆ, ಗ್ಯಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ. ಇಳಿಯದೆ ನಿಂತಿದ್ದರೆ ಮರುದಿನ ರಾತ್ರಿ ತಂತಿ ಜೋಡಿಸಿ, ಎಂದಿನಂತೆ ಲಾಕ್ ಮಾಡಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಳೆಯಿರಿ. ಈ ಎರಡು ಬೆಳಗಿನ ವ್ಯತ್ಯಾಸವೇ ಗಾಡಿ ತಿಂದದ್ದು.

ಒಂದು ಎಚ್ಚರಿಕೆ. ಬೆಳಿಗ್ಗೆ 12.5 ವೋಲ್ಟ್ ಇದ್ದು, ಆದರೂ ಟಿಕ್ ಟಿಕ್ ಎಂದರೆ ನೀವು ಹುಡುಕಬೇಕಾದದ್ದು ಡ್ರೈನ್ (ಕರೆಂಟ್ ಸೋರಿಕೆ) ಅಲ್ಲವೇ ಅಲ್ಲ. ಟರ್ಮಿನಲ್ ಸಡಿಲವಾಗಿದೆ, ಹಸಿರು ಪುಡಿ ಕಟ್ಟಿದೆ, ಅಥವಾ ಎಂಜಿನ್ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ. ಕ್ಲ್ಯಾಂಪನ್ನು ಬರಿಗೈಯಲ್ಲಿ ತಿರುಗಿಸಿ ನೋಡಿ, ತಿರುಗಿದರೆ ಸಡಿಲವೇ. ಒಬ್ಬರು ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕಂಬಕ್ಕೂ ಇನ್ನೊಂದನ್ನು ಅದೇ ಕಂಬದ ಕ್ಲ್ಯಾಂಪಿಗೂ ಒತ್ತಿ ಹಿಡಿಯಿರಿ. ಅರ್ಧ ವೋಲ್ಟ್ ತೋರಿಸಿದರೂ ಅಲ್ಲಿ ಕರೆಂಟ್ ಸರಿಯಾಗಿ ದಾಟುತ್ತಿಲ್ಲ. ಬಿಸಿನೀರು ಹಾಕಿ, ವೈರ್ ಬ್ರಷ್‌ನಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಸಮುದ್ರದ ಗಾಳಿ ಬೀಸುವ ಈ ಊರಲ್ಲಿ ಇದು ತೀರಾ ಸಾಮಾನ್ಯ. ಜಂಪ್ ಮಾಡುವ ಮೊದಲು ವೋಲ್ಟ್ ಅಳೆಯುವ ಒಂದೇ ಅಭ್ಯಾಸ ಬೆಳೆಸಿಕೊಂಡರೆ ಎಷ್ಟೋ ಬ್ಯಾಟರಿ, ಎಷ್ಟೋ ಸ್ಟಾರ್ಟರ್ ಮೋಟರ್ ಸುಮ್ಮನೆ ಬದಲಾಗುವುದು ತಪ್ಪುತ್ತದೆ.

ಈಗ 2 ಆಂಪಿಯರ್ ಕಳ್ಳನನ್ನು ಮೊದಲು ವಿಚಾರಿಸೋಣ, ಏಕೆಂದರೆ ಅವನನ್ನು ಹಿಡಿಯಲು ಮೀಟರ್ ಬೇಡ. ರಾತ್ರಿ ಹತ್ತರ ಮೇಲೆ, ಗಾಡಿ ಲಾಕ್ ಮಾಡಿ ಅರ್ಧ ಗಂಟೆಯಾದ ನಂತರ ಸ್ಟಿಲ್ಟ್ ಪಾರ್ಕಿಂಗ್‌ಗೆ ಇಳಿಯಿರಿ. ವಾಚ್‌ಮನ್‌ಗೆ ಹೇಳಿ ಆ ಮೂಲೆಯ ಟ್ಯೂಬ್‌ಲೈಟ್ ಆರಿಸಿ. ಗಾಡಿಯ ಹಿಂದೆ ಹೋಗಿ ನೋಡಿ. ಬ್ರೇಕ್ ದೀಪ ಉರಿಯುತ್ತಿದ್ದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ಬ್ರೇಕ್ ಪೆಡಲಿನ ತೋಳಿನ ಮೇಲೆ, ಸ್ವಿಚ್ಚಿನ ತುದಿ ಬಂದು ಒತ್ತುವ ಜಾಗದಲ್ಲಿ, ಅನೇಕ ಗಾಡಿಗಳಲ್ಲಿ ಬಟನ್‌ನಂಥ ಸಣ್ಣ ಪ್ಲಾಸ್ಟಿಕ್ ಅಥವಾ ರಬ್ಬರ್ ತುಂಡು ಇರುತ್ತದೆ. ವರ್ಷಗಳ ಬಿಸಿಲಿಗೆ, ಬಿಸಿಗೆ ಅದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಪೆಡಲ್ ಬಿಟ್ಟರೂ ಸ್ವಿಚ್ಚಿನ ತುದಿ ಆ ತೂತಿನೊಳಗೆ ಹೊರಬಂದು ನಿಲ್ಲುತ್ತದೆ, ದೀಪ ಉರಿದೇ ಇರುತ್ತದೆ. ಎರಡು 21 ವಾಟ್ ಬಲ್ಬು, ಜೊತೆಗೆ ಮೇಲಿನ ಮೂರನೆಯ ದೀಪ, ಒಟ್ಟು 4 ಆಂಪಿಯರ್ ಹತ್ತಿರ. ಎಂಥ ಹೊಸ ಬ್ಯಾಟರಿಯನ್ನೂ ಒಂದೇ ರಾತ್ರಿಯಲ್ಲಿ ಮಲಗಿಸಲು ಅಷ್ಟು ಸಾಕು. ಚಾಲಕನ ಕಾಲಡಿಯ ಮ್ಯಾಟ್ ಎತ್ತಿ ನೋಡಿ, ಅಲ್ಲಿ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದರೆ ಅದೇ. ಬಿಡಿಭಾಗದ ಬೆಲೆ ತೀರಾ ಕಡಿಮೆ. ಕುರ್ಲಾದ ಸಿಎಸ್‌ಟಿ ರೋಡಿನಲ್ಲೋ ನಿಮ್ಮ ಹತ್ತಿರದ ಸ್ಪೇರ್ ಅಂಗಡಿಯಲ್ಲೋ ಮಾಡೆಲ್ ಹೇಳಿ 'ಬ್ರೇಕ್ ಪೆಡಲ್ ಸ್ಟಾಪರ್' ಕೇಳಿ.

ಹಿಂದಿನದು ಸರಿ ಇದ್ದರೆ ಬೂಟ್ ದೀಪ, ಗ್ಲವ್‌ಬಾಕ್ಸ್ ದೀಪ. ಮುಚ್ಚಿದ ಮೇಲೆ ಆರುತ್ತದೆಯೇ ಎಂದು ತಿಳಿಯಲು ಮೊಬೈಲಿನಲ್ಲಿ ವಿಡಿಯೊ ಶುರುಮಾಡಿ ಒಳಗಿಟ್ಟು ಮುಚ್ಚಿ, ನಿಮಿಷದ ನಂತರ ತೆಗೆದು ನೋಡಿ. ಇವು 5 ವಾಟ್ ಬಲ್ಬುಗಳು, 0.4 ಆಂಪಿಯರ್, ತುಂಬಿದ ಬ್ಯಾಟರಿಯನ್ನು ಒಂದು ರಾತ್ರಿಯಲ್ಲಿ ಕೊಲ್ಲಲಾರವು, ಆದರೆ ನಿಮ್ಮಂಥ ಅರೆಹೊಟ್ಟೆಯ ಬ್ಯಾಟರಿಗೆ ಅಷ್ಟೂ ಭಾರವೇ. ನಂತರ ಬಾನೆಟ್ ಎತ್ತಿ ರಿಲೇಗಳ (ಕರೆಂಟಿನಿಂದಲೇ ಆನ್-ಆಫ್ ಆಗುವ ಸಣ್ಣ ಸ್ವಿಚ್ಚುಗಳ) ತಲೆಯ ಮೇಲೆ ಬೆರಳಿಟ್ಟು ನೋಡಿ. ಎಂಜಿನ್ ತಣ್ಣಗಾದ ಮೇಲೂ ಒಂದು ರಿಲೇ ಮಾತ್ರ ಬೆಚ್ಚಗಿದ್ದರೆ ಅದು ಅಂಟಿಕೊಂಡಿದೆ. ಎಸಿ ಕಂಪ್ರೆಸರ್ ಕ್ಲಚ್‌ನ ರಿಲೇ ಅಂಟಿದರೆ 3–4 ಆಂಪಿಯರ್ ಹೋಗುತ್ತದೆ, ಸದ್ದೂ ಇಲ್ಲ, ಬೆಳಕೂ ಇಲ್ಲ. ಪಕ್ಕದಲ್ಲಿರುವ ಅದೇ ನಂಬರಿನ ರಿಲೇ ಜೊತೆ ಅದಲು ಬದಲು ಮಾಡಿ ಖಚಿತಪಡಿಸಿಕೊಳ್ಳಬಹುದು.

ಇದ್ಯಾವುದೂ ಅಲ್ಲವಾದರೆ ಮೀಟರ್ ಹಾಕಲೇಬೇಕು. ಮುಂಬೈಯಲ್ಲಿ ಮೀಟರಿಗೆ ಲ್ಯಾಮಿಂಗ್ಟನ್ ರೋಡೇ ಸರಿ, ಗ್ರಾಂಟ್ ರೋಡ್ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರ. ಕೊಳ್ಳುವುದಾದರೆ 10 ಆಂಪಿಯರ್ ಡಿಸಿ (ಬ್ಯಾಟರಿಯ ಥರದ ಕರೆಂಟ್) ಸಾಕೆಟ್ ಇರುವುದನ್ನೇ ಕೊಳ್ಳಿ. ಇನ್ನೂ ಸ್ವಲ್ಪ ಖರ್ಚು ಮಾಡಬಲ್ಲಿರಾದರೆ ಡಿಸಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಬಾಯಿ ಹಾಕಿ ಅಳೆಯುವಂಥದ್ದು) ಒಳ್ಳೆಯದು. ಯುನಿ-ಟಿ ಯುಟಿ210ಇ ಥರದ್ದು 1 ಮಿಲಿಆಂಪಿಯರ್‌ವರೆಗೆ ತೋರಿಸುತ್ತದೆ, ತಂತಿ ಬಿಚ್ಚುವ ಗೋಜೇ ಇಲ್ಲ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಎಸಿ (ಮನೆಯ ಸಾಕೆಟ್ಟಿನ ಥರದ ಕರೆಂಟ್) ಮಾತ್ರ ಅಳೆಯುವ ಕ್ಲ್ಯಾಂಪ್ ಈ ಕೆಲಸಕ್ಕೆ ಬಾರದು.

ಸಾಧಾರಣ ಮೀಟರ್ ಬಳಸುವ ಕ್ರಮ ಹೀಗೆ. ಚಾಲಕನ ಬದಿಯ ಕಿಟಕಿ ಇಳಿಸಿ, ಬಾನೆಟ್ ತೆರೆದಿಡಿ. ಒಳಗಿನ ಫ್ಯೂಸ್ ಬಾಕ್ಸ್ ತಲುಪಲು ಬಾಗಿಲು ತೆರೆದಿರಬೇಕು, ಆದರೆ ಗಾಡಿಗೆ ಬಾಗಿಲು ಮುಚ್ಚಿದೆ ಎನಿಸಬೇಕು. ಬಾಗಿಲಿನ ಅಂಚಿನ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಬಾನೆಟ್ಟಿಗೂ ಸ್ವಿಚ್ ಇದ್ದರೆ ಅದಕ್ಕೂ ಹಾಗೇ. ಬಾಗಿಲನ್ನು ಮತ್ತೆ ಮುಚ್ಚುವ ಮೊದಲು ಹ್ಯಾಂಡಲ್ ಎಳೆದು ಲ್ಯಾಚ್ ಬಿಡಿಸಬೇಕು, ಮರೆತು ಬಡಿದರೆ ಲ್ಯಾಚ್ ಮುರಿಯುತ್ತದೆ. ಬಾಗಿಲಿನಲ್ಲಿ ಲ್ಯಾಚಿನ ಬದಲು ಒತ್ತುಗುಂಡಿ ಸ್ವಿಚ್ ಇದ್ದರೆ ಅದನ್ನು ಟೇಪು ಹಾಕಿ ಒತ್ತಿಟ್ಟರೆ ಸಾಕು. ಒಬಿಡಿ ಸಾಕೆಟ್ಟಿನಲ್ಲಿ (ಡ್ಯಾಶ್ ಕೆಳಗಿನ, ಗಾಡಿಯ ದೋಷ ಓದುವ ಸಾಕೆಟ್) ಏನಾದರೂ ಚುಚ್ಚಿದ್ದರೆ ತೆಗೆಯಿರಿ. ಕೀಲೆಸ್ ಗಾಡಿಯಾದರೆ ಲಾಕ್ ಮಾಡಿದ ಮೇಲೆ ಕೀಯನ್ನು ಮನೆಯಲ್ಲಿಟ್ಟು ಬನ್ನಿ, ಜೇಬಿನಲ್ಲಿದ್ದರೆ ಗಾಡಿ ಪದೇ ಪದೇ ಎಚ್ಚರವಾಗುತ್ತದೆ.

ಈಗ ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ಒಂದು ದಪ್ಪ ವೈರ್ ತೆಗೆದುಕೊಳ್ಳಿ. ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ನೆಗೆಟಿವ್ ಕೇಬಲಿನ ಕ್ಲ್ಯಾಂಪಿಗೆ. ಆಮೇಲೆ ಕ್ಲ್ಯಾಂಪನ್ನು ಕಂಬದಿಂದ ಎತ್ತಿ. ವೈರ್ ಇರುವುದರಿಂದ ಕರೆಂಟ್ ಒಂದು ಕ್ಷಣವೂ ತಪ್ಪಲಿಲ್ಲ. ಇದು ಯಾಕೆ ಮುಖ್ಯ ಎಂದರೆ, ಒಮ್ಮೆ ಕರೆಂಟ್ ತಪ್ಪಿಸಿ ಮತ್ತೆ ಕೊಟ್ಟರೆ ಗಾಡಿಯ ಪುಟ್ಟ ಕಂಪ್ಯೂಟರುಗಳಾದ ಎಲ್ಲ ಮಾಡ್ಯೂಲ್‌ಗಳೂ ಎದ್ದು ಕೂರುತ್ತವೆ, ನಿದ್ದೆ ಹೋಗದೆ ಸಿಕ್ಕಿಕೊಂಡಿದ್ದ ಮಾಡ್ಯೂಲ್ ರೀಸೆಟ್ ಆಗಿ ಸರಿಹೋದಂತೆ ನಟಿಸುತ್ತದೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಸಾಕೆಟ್ಟಿಗೆ ಬದಲಿಸಿ, ಗುಂಡಿಯನ್ನು ಡಿಸಿ ಆಂಪಿಯರ್‌ಗೆ ತಿರುಗಿಸಿ, ಕೆಂಪನ್ನು ಕ್ಲ್ಯಾಂಪಿಗೂ ಕಪ್ಪನ್ನು ಬ್ಯಾಟರಿ ಕಂಬಕ್ಕೂ ಕ್ಲಿಪ್ ಮಾಡಿ. ಗಾಡಿ ಲಾಕ್ ಮಾಡಿ ನಲವತ್ತು ನಿಮಿಷ ಹಾಗೇ ಬಿಡಿ. ಲಾಕ್ ಮಾಡಿದ ಹೊಸತರಲ್ಲಿ ಹಲವು ಆಂಪಿಯರ್ ಹೋಗುತ್ತಿರುತ್ತದೆ, ಮಾಡ್ಯೂಲ್‌ಗಳು ಒಂದೊಂದಾಗಿ ಮಲಗುತ್ತಾ ಇಳಿಯುತ್ತದೆ. ನಲವತ್ತು ನಿಮಿಷದ ಮೇಲೆ ಮೊಸಳೆ ವೈರ್ ತೆಗೆಯಿರಿ, ಈಗ ಕರೆಂಟೆಲ್ಲ ಮೀಟರಿನ ಮೂಲಕವೇ ಹೋಗಬೇಕು. ಬರುವ ಅಂಕಿಯೇ ನಿಮ್ಮ ಉತ್ತರ.

ಮೀಟರ್ ಹೀಗಿರುವಾಗ ಬೇರೆ ಬಾಗಿಲು ತೆರೆಯಬೇಡಿ, ಕೀ ತಿರುಗಿಸಬೇಡಿ. ಸೆಲ್ಫ್ ಹೊಡೆದರಂತೂ ಮೀಟರಿನ ಫ್ಯೂಸ್ ಹಾರುವುದು ಖಂಡಿತ. ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ಸಾಕೆಟ್ಟಿಗೆ ವಾಪಸ್ ಹಾಕಿ. 10 ಆಂಪಿಯರ್ ಸಾಕೆಟ್ಟಿನಲ್ಲೇ ಮರೆತು ಬ್ಯಾಟರಿಯ ವೋಲ್ಟ್ ಅಳೆಯಲು ಹೋದರೆ ಬ್ಯಾಟರಿಯನ್ನೇ ಶಾರ್ಟ್ ಮಾಡಿದಂತೆ, ಕಡ್ಡಿ ಕರಗಿ ಕೈ ಸುಡುತ್ತದೆ.

ಮಲಗಿದ ಗಾಡಿಗೆ 20ರಿಂದ 50 ಮಿಲಿಆಂಪಿಯರ್ ಸಹಜ. 50 ಎಂದಿಟ್ಟುಕೊಂಡರೂ ದಿನಕ್ಕೆ 1.2 ಎಎಚ್, ತುಂಬಿದ ಬ್ಯಾಟರಿ ಎರಡು ವಾರ ತಡೆಯುತ್ತದೆ. 100 ದಾಟಿದರೆ ಹುಡುಕಬೇಕು. 300–500 ಬಂದರೆ ನಿಮ್ಮ ಸಮಸ್ಯೆ ಎದುರಿಗೇ ಇದೆ.

ಇಲ್ಲಿಂದ ಮುಂದೆ ಬಹಳಷ್ಟು ಎಲೆಕ್ಟ್ರಿಷಿಯನ್ನರು ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಾರೆ. ಹಳೆಯ ಗಾಡಿಗಳಿಗೆ ಅದು ಸರಿಯಾದ ವಿಧಾನವೇ ಆಗಿತ್ತು. ಈಗಿನ ಗಾಡಿಗಳಲ್ಲಿ ಒಂದು ಫ್ಯೂಸ್ ಕಿತ್ತು ಹಾಕಿದರೆ ಮತ್ತೆ ಎಲ್ಲ ಎಚ್ಚರವಾಗುತ್ತದೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಬ್ಯಾಟರಿ ಕಂಬಕ್ಕೆ ಟೆಸ್ಟ್ ಲ್ಯಾಂಪ್ ಕಟ್ಟಿ 'ನೋಡಿ, ಉರಿಯುತ್ತಿದೆ, ಲೀಕೇಜ್ ಇದೆ' ಎನ್ನುವುದೂ ಇದೇ ಕಾರಣಕ್ಕೆ ನಂಬಲರ್ಹವಲ್ಲ. ಎಚ್ಚರವಿರುವ ಯಾವ ಗಾಡಿಯಲ್ಲೂ ಅದು ಉರಿಯುತ್ತದೆ. ಇದಕ್ಕಿಂತ ಚೆನ್ನಾದ ದಾರಿ ಫ್ಯೂಸ್ ಕೀಳದೆ ಅದರ ಮೇಲಿನ ಮಿಲಿವೋಲ್ಟ್ ಅಳೆಯುವುದು. ಪ್ರತಿ ಬ್ಲೇಡ್ ಫ್ಯೂಸಿನ ತಲೆಯ ಮೇಲೆ, ಅಕ್ಕಪಕ್ಕದಲ್ಲಿ, ಎರಡು ಚಿಕ್ಕ ಲೋಹದ ಚುಕ್ಕೆಗಳು ಬಯಲಾಗಿರುತ್ತವೆ. ನೆಗೆಟಿವ್ ಕೇಬಲನ್ನು ಮೊದಲಿನಂತೆ ಜೋಡಿಸಿ, ಗಾಡಿ ಮಲಗಿದ ಮೇಲೆ, ಮೀಟರನ್ನು ಡಿಸಿ ಮಿಲಿವೋಲ್ಟಿಗಿಟ್ಟು ಎರಡೂ ಕಡ್ಡಿಗಳನ್ನು ಆ ಚುಕ್ಕೆಗಳ ಮೇಲೆ ಮುಟ್ಟಿಸಿ. 0.0 ಬಂದರೆ ಆ ದಾರಿಯಲ್ಲಿ ಏನೂ ಹೋಗುತ್ತಿಲ್ಲ. 10 ಆಂಪಿಯರಿನ ಮಿನಿ ಫ್ಯೂಸಿನ ರೋಧ ಸುಮಾರು 7–8 ಮಿಲಿಓಮ್. ಹಾಗಾಗಿ ಅದರ ಮೇಲೆ 3 ಮಿಲಿವೋಲ್ಟ್ ಬಂದರೆ ಹತ್ತಿರ ಹತ್ತಿರ 400 ಮಿಲಿಆಂಪಿಯರ್ ಹೋಗುತ್ತಿದೆ ಎಂದರ್ಥ. 15 ಆಂಪಿಯರಿನದಕ್ಕೆ ರೋಧ ಇನ್ನೂ ಕಡಿಮೆ, ಅದೇ 3 ಮಿಲಿವೋಲ್ಟಿಗೆ ಕರೆಂಟ್ ಇನ್ನೂ ಹೆಚ್ಚು. ಒಳಗಿನ ಪೆಟ್ಟಿಗೆ, ಬಾನೆಟ್ ಕೆಳಗಿನ ಪೆಟ್ಟಿಗೆ ಎರಡನ್ನೂ ಮುಗಿಸಲು ಹತ್ತು ನಿಮಿಷ ಸಾಕು.

ಫಲಿತಾಂಶ ಮೂರು ಬಗೆಯಲ್ಲಿ ಬರಬಹುದು. ಒಂದೇ ಫ್ಯೂಸಿನಲ್ಲಿ ಮಿಲಿವೋಲ್ಟ್ ಕಂಡರೆ ಮುಚ್ಚಳದ ಮೇಲಿನ ನಕ್ಷೆ ನೋಡಿ ಅದು ಯಾವುದಕ್ಕೆ ಹೋಗುತ್ತದೆ ತಿಳಿದುಕೊಳ್ಳಿ. 'ಡೋಮ್' ಅಥವಾ 'ರೇಡಿಯೊ' ಎಂದು ಬರೆದಿದ್ದರೆ ಸ್ಟೀರಿಯೊ, ಒಳದೀಪ, ಗಡಿಯಾರ, ಒಬಿಡಿ ಸಾಕೆಟ್ ಎಲ್ಲ ಅದರ ಮೇಲೇ ಇರಬಹುದು. ಒಂದೊಂದರ ಪ್ಲಗ್ ಬಿಚ್ಚಿ ನೋಡಬೇಕು. ಒಮ್ಮೆಗೇ ಐದಾರು ಫ್ಯೂಸುಗಳಲ್ಲಿ ಸ್ವಲ್ಪ ಸ್ವಲ್ಪ ಕಂಡರೆ ಗಾಡಿಯೇ ನಿದ್ದೆ ಹೋಗುತ್ತಿಲ್ಲ, ಯಾವುದೋ ಒಂದು ಅದನ್ನು ಎಬ್ಬಿಸಿಡುತ್ತಿದೆ. ಎಲ್ಲ ಫ್ಯೂಸೂ ಸೊನ್ನೆ, ಆದರೆ ಒಟ್ಟು ಕರೆಂಟ್ ಮಾತ್ರ ಹೆಚ್ಚು ಎಂದಾದರೆ ಅದು ಫ್ಯೂಸ್ ಪೆಟ್ಟಿಗೆಯನ್ನೇ ಹಾಯದೆ ಹೋಗುತ್ತಿದೆ: ಆಲ್ಟರ್ನೇಟರಿನ ದಪ್ಪ ಕೇಬಲ್, ಸ್ಟಾರ್ಟರ್, ಅಥವಾ ಆಮೇಲೆ ಯಾರೋ ನೇರ ಬ್ಯಾಟರಿಗೆ ಕಟ್ಟಿದ ತೆಳು ವೈರ್. ಪಾಸಿಟಿವ್ ಕ್ಲ್ಯಾಂಪಿನ ಬೋಲ್ಟಿಗೆ ಕಂಪನಿಯದಲ್ಲದ ವೈರ್ ಸಿಕ್ಕಿಸಿದ್ದರೆ ಅದನ್ನೇ ಮೊದಲು ಬಿಚ್ಚಿ ನೋಡಿ.

ನಿಮ್ಮ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಸ್ಟೀರಿಯೊ ಮತ್ತು ಡ್ಯಾಶ್‌ಕ್ಯಾಮ್ ಎಂದೆನಲ್ಲ, ಅವುಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ಟೀರಿಯೊ ಹಿಂದೆ ಹಳದಿ ವೈರ್ ಸದಾ ಕರೆಂಟ್ ಇರುವ ಸಾಲಿಗೆ, ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಬರುವ ಸಾಲಿಗೆ, ಕಪ್ಪು ಅರ್ಥ್‌ಗೆ ಹೋಗಬೇಕು. ಗಡಿಬಿಡಿಯಲ್ಲಿ ಕೂರಿಸುವವರು ಕೀ ಸಾಲು ಸಿಗದಿದ್ದರೆ ಕೆಂಪು, ಹಳದಿ ಎರಡನ್ನೂ ಒಟ್ಟಿಗೆ ಹೆಣೆದು ಟೇಪು ಸುತ್ತಿಬಿಡುತ್ತಾರೆ. ಪರದೆ ಆರಿದಂತೆ ಕಂಡರೂ ಒಳಗಿನ ಬೋರ್ಡ್ ರಾತ್ರಿಯಿಡೀ ಓಡುತ್ತಿರುತ್ತದೆ. ಪತ್ತೆಗೆ ಸುಲಭ ದಾರಿ: ಕೀ ತೆಗೆದ ಮೇಲೂ ಕೆಂಪು ವೈರಿನಲ್ಲಿ 12 ವೋಲ್ಟ್ ಇದೆಯೇ ನೋಡಿ. ಇದ್ದರೆ ಅದೇ ತಪ್ಪು. ಕೆಂಪನ್ನು ಕೀ ಜೊತೆ ಆರುವ ಫ್ಯೂಸಿಗೆ ವರ್ಗಾಯಿಸಿದರೆ ಮುಗಿಯಿತು. ವೈರಿಂಗ್ ಸರಿ ಇದ್ದೂ ಎಳೆಯುತ್ತಿದ್ದರೆ ಸೆಟ್ಟಿಂಗ್‌ನಲ್ಲಿ ಕೀ ತೆಗೆದ ಎಷ್ಟು ಹೊತ್ತಿಗೆ ಪೂರ್ತಿ ಆರಬೇಕು ಎನ್ನುವ ಆಯ್ಕೆ ಹುಡುಕಿ. ಬೇಗ ಬೂಟ್ ಆಗಲೆಂದು ಕೆಲವು ಸೆಟ್‌ಗಳು ಗಂಟೆಗಟ್ಟಲೆ ಅರೆನಿದ್ದೆಯಲ್ಲೇ ಇರುತ್ತವೆ. ಸ್ಟೀರಿಂಗ್ ಬಟನ್ ಕೆಲಸ ಮಾಡಲೆಂದು ಹಾರ್ನೆಸ್ ಮಧ್ಯೆ ಕೊಡುವ ಪುಟ್ಟ ಕ್ಯಾನ್ ಡಿಕೋಡರ್ ಡಬ್ಬಿ ಇದ್ದರೆ ಅದರ ಮೇಲೂ ಕಣ್ಣಿಡಿ. ಮೇಲೆ ಹೇಳಿದ 'ಗಾಡಿಯೇ ನಿದ್ದೆ ಹೋಗದ' ಲಕ್ಷಣಕ್ಕೆ ಆ ಡಬ್ಬಿ ಕಾರಣವಾಗುವುದುಂಟು. ಅದರ ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟು ನೋಡಿ.

ಡ್ಯಾಶ್‌ಕ್ಯಾಮ್ ಸಿಗರೇಟ್ ಸಾಕೆಟ್ಟಿನಿಂದ ಓಡುತ್ತಿದ್ದು, ಆ ಸಾಕೆಟ್ ಕೀ ಜೊತೆ ಆರುತ್ತಿದ್ದರೆ ಅದು ನಿರಪರಾಧಿ. ಹಾರ್ಡ್‌ವೈರ್ ಕಿಟ್ (ಸದಾ ಕರೆಂಟ್ ಇರುವ ಸಾಲಿಗೆ ಜೋಡಿಸುವ ವೈರು) ಹಾಕಿದ್ದರೆ ಅದರ ಸಣ್ಣ ಡಬ್ಬಿಯಲ್ಲಿ ವೋಲ್ಟೇಜ್ ಕಟ್-ಆಫ್ ಇರುತ್ತದೆ, ಬ್ಯಾಟರಿ ಇಷ್ಟಕ್ಕಿಳಿದರೆ ಕ್ಯಾಮೆರಾ ಆರಿಸು ಎಂದು. ಅನೇಕ ಕಿಟ್‌ಗಳಲ್ಲಿ ಅದನ್ನು 11.8ರವರೆಗೂ ಇಳಿಸಿಡಬಹುದು. ಮೇಲಿನ ಪಟ್ಟಿ ನೋಡಿದರೆ 11.8 ಎಂದರೆ ಖಾಲಿ ಬ್ಯಾಟರಿ. ಆಗ ಆರಿಸಿ ಏನು ಪ್ರಯೋಜನ? 12.4ಕ್ಕೆ ಏರಿಸಿ, ಅಥವಾ ಗೇಟಿಗೆ ವಾಚ್‌ಮನ್, ಸಿಸಿಟಿವಿ ಇರುವ ಸೊಸೈಟಿಯೊಳಗೆ ಪಾರ್ಕಿಂಗ್ ಮೋಡ್ ಆರಿಸಿಯೇ ಬಿಡಿ. ದಿನಕ್ಕೆ ಇಪ್ಪತ್ತು ನಿಮಿಷ ಓಡುವ ಗಾಡಿಗೆ ಇಪ್ಪತ್ತನಾಲ್ಕು ಗಂಟೆಯ ಕ್ಯಾಮೆರಾ ಸಾಕಲು ಆಗುವುದಿಲ್ಲ. ಜಿಪಿಎಸ್ ಟ್ರ್ಯಾಕರ್ ಇದ್ದರೆ ಅದೂ ಸದಾ ಎಳೆಯುತ್ತದೆ, ಪ್ರಮಾಣ ಕಡಿಮೆ. ಫಾಸ್ಟ್‌ಟ್ಯಾಗ್ ಬಗ್ಗೆ ಕೆಲವರು ಕೇಳುವುದುಂಟು. ಅದಕ್ಕೂ ಬ್ಯಾಟರಿಗೂ ಸಂಬಂಧವೇ ಇಲ್ಲ, ಟೋಲ್‌ನ ರೀಡರ್ ಕಳಿಸುವ ಅಲೆಯಿಂದಲೇ ಅದು ಕೆಲಸ ಮಾಡುತ್ತದೆ.

ಜೂನ್ ಕೊನೆ ಎಂದರೆ ಇಲ್ಲಿ ಮಳೆ ಹಿಡಿದ ಕಾಲ, ಆದ್ದರಿಂದ ನೀರಿನ ಮಾತನ್ನೂ ಸೇರಿಸಬೇಕು. ಬಾಗಿಲಿನ ಸ್ವಿಚ್, ಹಿಂಬಾಗಿಲಿನ ಲ್ಯಾಚ್ ತೇವಕ್ಕೆ ಕೈಕೊಟ್ಟರೆ ಗಾಡಿಗೆ ಬಾಗಿಲು ತೆರೆದೇ ಇದೆ ಎನಿಸುತ್ತದೆ, ಮಲಗುವುದಿಲ್ಲ. ಎಲ್ಲ ಮುಚ್ಚಿದ ಮೇಲೂ ಡ್ಯಾಶ್‌ಬೋರ್ಡಿನ ಮೀಟರ್ ಕನ್ಸೋಲಿನಲ್ಲಿ ಬಾಗಿಲಿನ ಚಿಹ್ನೆ ಮಿನುಗುತ್ತಿದೆಯೇ ನೋಡಿ. ಮುಂದಿನ ಎಡ ಸೀಟಿನ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ, ಒದ್ದೆಯಿದ್ದರೆ ಎಸಿಯ ನೀರು ಹೋಗುವ ಪೈಪ್ ಕಟ್ಟಿರಬಹುದು ಮತ್ತು ಆ ನೀರು ಡ್ಯಾಶ್ ಕೆಳಗಿನ ಕನೆಕ್ಟರುಗಳಿಗೆ ಇಳಿಯುತ್ತಿರಬಹುದು. ಮಳೆಗಾಲದಲ್ಲಿ ಸೊಸೈಟಿಯ ಇಲಿ, ಹೆಗ್ಗಣಗಳು ಬೆಚ್ಚಗಿರುವ ಬಾನೆಟ್ ಕೆಳಗೆ ಬಂದು ಸೇರುತ್ತವೆ. ಎಂಜಿನ್ ಮೇಲೆ ಹಿಕ್ಕೆ, ಬಟ್ಟೆ ಚೂರು, ಕಡಿದ ಪ್ಲಾಸ್ಟಿಕ್ ಕಂಡರೆ ವೈರಿನ ಸಿಪ್ಪೆ ಎಲ್ಲಿ ಹೋಗಿದೆ ಎಂದು ಟಾರ್ಚ್ ಹಿಡಿದು ಹುಡುಕಿಸಿ. ಹಳದಿ ಬಣ್ಣದ ಕನೆಕ್ಟರ್‌ಗಳನ್ನು ಮಾತ್ರ ಮುಟ್ಟಬೇಡಿ, ಅವು ಏರ್‌ಬ್ಯಾಗಿನವು.

ಇಷ್ಟಾಗಿಯೂ ಸಿಗದಿದ್ದರೆ ಆಗ ಡೈನಮೋ ಸರದಿ. ಚಾರ್ಜ್ ಮಾಡುವ ಡೈನಮೋ ಕೂಡ ರಾತ್ರಿ ಬ್ಯಾಟರಿ ಕುಡಿಯಬಲ್ಲದು, ಅದರ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಒಂದು ಸೋರುತ್ತಿದ್ದರೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರಿನ ಮೈ ಮುಟ್ಟಿ ನೋಡಿ, ಅದೊಂದೇ ಬೆಚ್ಚಗಿದ್ದರೆ ಅನುಮಾನ ಗಟ್ಟಿ. ಎಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟಿಗಿಟ್ಟು ಬ್ಯಾಟರಿ ಮೇಲೆ ಅಳೆಯಿರಿ, 0.1ರ ಒಳಗಿದ್ದರೆ ಸರಿ, 0.5 ಮುಟ್ಟಿದರೆ ಡಯೋಡ್ ಕೆಟ್ಟಿದೆ. ಕೆಲವು ಅಗ್ಗದ ಮೀಟರ್‌ಗಳು ಎಸಿ ಮೋಡಿನಲ್ಲಿ ಡಿಸಿಯನ್ನೂ ಸೇರಿಸಿ 25–30 ವೋಲ್ಟ್ ಎಂದು ತೋರಿಸುತ್ತವೆ, ಅಂಥ ಅಂಕಿ ಬಂದರೆ ಆ ಮೀಟರನ್ನು ಈ ಪರೀಕ್ಷೆಗೆ ಬಳಸಬೇಡಿ. ಕೊನೆಯ ಸಾಕ್ಷಿ: ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ಕೇಬಲ್ ಕಳಚಿ, ತುದಿಗೆ ಟೇಪು ಸುತ್ತಿ, ಮತ್ತೆ ಮೊದಲಿನಂತೆ ಕರೆಂಟ್ ಅಳೆಯಿರಿ. ಅಂಕಿ ಬಿದ್ದುಹೋದರೆ ಗ್ಯಾರೇಜಿನವರು ಹೇಳಿದ್ದು ಸರಿ. ಆಗಲೂ ಇಡೀ ಯೂನಿಟ್ ಬದಲಿಸುವ ಮೊದಲು ಡಯೋಡುಗಳಿರುವ ರೆಕ್ಟಿಫೈಯರ್ ಪ್ಲೇಟ್ ಮಾತ್ರ ಬದಲಿಸಲು ಸಾಧ್ಯವೇ ಎಂದು ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ, ಖರ್ಚು ಬಹಳ ಇಳಿಯುತ್ತದೆ.

ಚೌತಿಯ ಪ್ರಯಾಣದ ಬಗ್ಗೆ ಹೆದರಬೇಡಿ. ಡೈನಮೋ 14.1 ಕೊಡುತ್ತಿರುವವರೆಗೆ, ಈ ತೊಂದರೆಯಿಂದ ಕಶೇಡಿ ಘಾಟಿಯ ನಡುವೆ ಎಂಜಿನ್ ಆರುವುದಿಲ್ಲ. ಅಪಾಯ ಇರುವುದು ರಾತ್ರಿ ತಂಗಿದ ಕಡೆ, ಊರಿನ ಅಂಗಳದಲ್ಲಿ ನಾಲ್ಕು ದಿನ ನಿಂತ ಮೇಲೆ. ಅಷ್ಟರೊಳಗೆ ಕಾರಣ ಸಿಗದಿದ್ದರೆ 10 ಎಂಎಂ ಸ್ಪ್ಯಾನರ್ ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಳ್ಳಿ, ಗಾಡಿ ನಿಲ್ಲಿಸಿದ ರಾತ್ರಿ ನೆಗೆಟಿವ್ ಬಿಚ್ಚಿಡಿ. ನೆಗೆಟಿವ್ ಬಿಚ್ಚಿದರೆ ರಿಮೋಟ್ ಕೆಲಸ ಮಾಡುವುದಿಲ್ಲ, ಬಾಗಿಲಿಗೆ ಲೋಹದ ಕೀ ಬೇಕು. ಜಂಪ್ ಕೇಬಲ್ ಒಯ್ಯಿರಿ. ಜೋಡಿಸುವಾಗ ಕೆಂಪು ಖಾಲಿ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿಯನ್ನು ನಿಮ್ಮ ಎಂಜಿನ್ನಿನ ಬರಿ ಲೋಹಕ್ಕೆ ಹಾಕಬೇಕು. ಬ್ಯಾಟರಿಯ ಹತ್ತಿರ ಕಿಡಿ ಹಾರಬಾರದು, ಅದು ಹೈಡ್ರೋಜನ್ ಬಿಡುತ್ತಿರುತ್ತದೆ.

ಯಾವುದೇ ರಿಪೇರಿ ಮಾಡಿಸಿದರೂ ಎಲೆಕ್ಟ್ರಿಷಿಯನ್ ಎದುರಿಗೇ ನಲವತ್ತು ನಿಮಿಷ ಕಾದು, ಅದೇ ಕ್ರಮದಲ್ಲಿ ಮತ್ತೆ ಕರೆಂಟ್ ಅಳೆಯಿರಿ. ಅಂಕಿ 50 ಮಿಲಿಆಂಪಿಯರ್ ಒಳಗೆ ಬಂದರೆ ದುಡ್ಡು ಕೊಡಿ. ಬರದಿದ್ದರೆ ಬದಲಿಸಿದ ಭಾಗ ಅಲ್ಲೇ ಬಿಚ್ಚಿಸಿ ಹಳೆಯದನ್ನೇ ಹಾಕಿಸಿಕೊಂಡು ಬನ್ನಿ. ಇಷ್ಟು ಸಲ ಪೂರ್ತಿ ಖಾಲಿಯಾದ ಬ್ಯಾಟರಿ ಒಂದಿಷ್ಟು ಶಕ್ತಿ ಕಳೆದುಕೊಂಡಿರುತ್ತದೆ, ಹಾಗಾಗಿ ಊರಿಗೆ ಹೊರಡುವ ಹಿಂದಿನ ರಾತ್ರಿ ಮತ್ತೊಮ್ಮೆ ಚಾರ್ಜರಿಗೆ ಹಾಕಿ, ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ 9.6ರ ಕೆಳಗೆ ಇಳಿಯುತ್ತದೆಯೇ ನೋಡಿ. ಪೂರ್ತಿ ತುಂಬಿಸಿದ ಮೇಲೂ ಇಳಿದರೆ ಪ್ರಯಾಣಕ್ಕೆ ಮುಂಚೆಯೇ ಗ್ಯಾರಂಟಿಯಲ್ಲಿ ಬದಲಿಸಿಕೊಳ್ಳಿ.